ಬಚ್ಚಲ ಹಿಂದಿನ ಕೆಸು: ಮಾಕುಟ್ಟವನ್ನು ಕುರಿತ ಒಂದು ಸೈದ್ಧಾಂತಿಕ ಪೀಠಿಕೆ

ಪ್ರಸ್ತುತ ಪ್ರಬಂಧವು ಕೊಡಗಿನ ಪೆರುಂಬಾಡಿಯಿಂದ ಕೂಟುಪುಳದತ್ತ ಇಳಿಯುವ ಘಟ್ಟದ ಮಾಕುಟ್ಟವನ್ನು ಕ್ಷೇತ್ರವಾಗಿರಿಸಿಕೊಂಡು ‘ಋತುಸಾಪೇಕ್ಷ ದೇಶೀಯ ಸಸ್ಯಾಧಾರಿತ ಗೃಹಪಾಕ ಪ್ರಜ್ಞೆ’ಯನ್ನು ಮಂಡಿಸುತ್ತದೆ. ಮಳೆಗಾಲದಲ್ಲಿ ಹಿತ್ತಿಲಲ್ಲಿ ಎದ್ದದ್ದನ್ನು ಕೊಯ್ದು ಬೇಯಿಸುವುದು ಎಂದು ಇದರ ಅರ್ಥ. ಹಾಗೆಂದು ಹೇಳಿಬಿಟ್ಟರೆ ವಿಚಾರಸಂಕಿರಣದಲ್ಲಿ ಊಟ ಹಾಕುವುದಿಲ್ಲವಾದ್ದರಿಂದ ಸಸ್ಯಗಳನ್ನು ಐದು ವರ್ಗಗಳಾಗಿ ವಿಂಗಡಿಸಿದೆ. ಒಂದನೆಯದು ಕಂಠಕಂಡೂಯನಕಾರಿ ವರ್ಗ, ಅಂದರೆ ಕೆಸು. ಅದರಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಅರೆಬೆಂದರೆ ಗಂಟಲು ಕೆರೆಯುತ್ತದೆ, ಹುಳಿ ಹಾಕಿ ಹದವಾಗಿ ಬೇಯಿಸಿದರೆ ತೆಪ್ಪಗಾಗುತ್ತದೆ. ಎರಡನೆಯದು ಪ್ರಚ್ಛನ್ನವಿಷ ವರ್ಗ: ಕಣಿಲೆ, ಕೊಡವರ ಬೈಂಬಳೆ. ಹಸಿಯಾಗಿ ತಿಂದರೆ ಸೈನೈಡಿನ ಅಪಾಯ. ಹೆಚ್ಚಿ, ನೆನೆಹಾಕಿ, ನೀರು ಬದಲಿಸಿ, ಕುದಿಸಿ ಬಸಿಯುವ ಉಪಾಯವನ್ನು ಅಜ್ಜಿಯರು ಯಾವ ಅನುದಾನಕ್ಕೂ ಕಾಯದೆ ಕಂಡುಕೊಂಡಿದ್ದರು. ಮೂರನೆಯದು ಮೂತ್ರಸಾಕ್ಷ್ಯ ವರ್ಗ. ಕೊಡವರ ಕಕ್ಕಡ ತಿಂಗಳ 18ನೇ ದಿನ, ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ನೇರಳೆ ರಸದ ಪಾಯಸ ಉಂಡವರಿಗೆ ಮೂತ್ರ ಕೆಂಪಗೆ ಹೋಗುತ್ತದೆ. ಇಷ್ಟು ಪಾರದರ್ಶಕವಾದ ಮೌಲ್ಯಮಾಪನ ಯಾವ ವಿಶ್ವವಿದ್ಯಾಲಯದಲ್ಲಿದೆ? ಉಳಿದೆರಡರಲ್ಲಿ ತೆರ್ಮೆ ಸೊಪ್ಪೂ ಕುಮ್ಮೂ ಬರಬೇಕಿತ್ತು. ಜರಿಗಿಡ, ಅಣಬೆ ಎಂದರೂ ತಿಳಿಯುವುದರಿಂದ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ.

ಪ್ರಮೇಯ ಇಷ್ಟೇ: ಈ ಅಡುಗೆಯೆಲ್ಲ ನಿಂತಿರುವುದು ಯಾರೂ ಗುಡಿಸದೆ ಬಿಟ್ಟ ಮೂಲೆಯ ಮೇಲೆ. ಕೆಸುವಿಗೆ ಬಚ್ಚಲ ನೀರು ಸಾಕು, ತೆರ್ಮೆಗೆ ಹಳ್ಳದ ದಂಡೆ, ಮದ್ದು ಸೊಪ್ಪಿಗೆ ಬೇಲಿಯ ಮರೆ. ‘ದೇಶೀಯ ಸಸ್ಯೋದ್ಯಾನ’ದವರು ಮೊದಲು ಮಾಡುವುದು ಆ ಮೂಲೆಯನ್ನು ಚೊಕ್ಕಗೊಳಿಸುವ ಕೆಲಸ, ಸಿಮೆಂಟಿನ ಕಾಲುದಾರಿ ಹಾಕಿ, ಲ್ಯಾಟಿನ್ ಹೆಸರಿನ ಫಲಕ ನೆಡುತ್ತಾರೆ. ಫಲಕ ಚೆನ್ನಾಗಿ ಬೇರೂರುತ್ತದೆ. ಮೆಣಸಿನಕಾಯಿ ಅಮೆರಿಕದ್ದು, ಕಾಫಿಯೂ ಹೊರಗಿನದು, ಇನ್ನೆಲ್ಲಿಯ ದೇಶೀಯತೆ ಎಂಬ ಆಕ್ಷೇಪ ಉಂಟು. ಮೆಣಸಿನಕಾಯಿ ಬಂದು ಅಡುಗೆಮನೆಯಲ್ಲಿ ಕೂತಿತು, ಕೆಸುವನ್ನು ಎಬ್ಬಿಸಲಿಲ್ಲ. ಆಸ್ಟ್ರೇಲಿಯದ ಸಿಲ್ವರ್ ಓಕ್ ಹಾಗಲ್ಲ. ಕಡಿಯಲು ಕಾಗದಪತ್ರದ ಕಾಟ ಕಡಿಮೆ ಎಂಬ ಕಾರಣಕ್ಕೆ ತೋಟದ ಕಾಡುಮರಗಳ ಜಾಗದಲ್ಲಿ ನಿಂತಿದೆ. ಲಂಟಾನ ಅಂತೂ ಅನುಮತಿಯನ್ನೇ ಕೇಳಲಿಲ್ಲ. ಎಲ್ಲಿಂದ ಬಂತು ಎನ್ನುವುದಕ್ಕಿಂತ ಯಾರನ್ನು ಎಬ್ಬಿಸಿತು ಎಂದು ಕೇಳಬೇಕು. ಕಾಡಿನಲ್ಲಿ ಬೇಕಾದಷ್ಟಿದೆಯಲ್ಲ, ಹಿತ್ತಿಲೇಕೆ ಎಂಬ ಎರಡನೇ ಆಕ್ಷೇಪಕ್ಕೆ ಉತ್ತರ ಇನ್ನೂ ಚಿಕ್ಕದು: ಪಕ್ಕದ ಬ್ರಹ್ಮಗಿರಿ 1974ರಿಂದ ವನ್ಯಜೀವಿಧಾಮ, ಅಲ್ಲಿ ಕಣಿಲೆ ಮುರಿದರೆ ಮೊಕದ್ದಮೆ. ಮನೆಯವರ ಪಾಲಿಗೆ ಉಳಿದಿರುವುದು ಹಿತ್ತಿಲೊಂದೇ.

ಹೊರಗಿನವರು ಮೆಚ್ಚಿದರೆ ಗಿಡ ಉಳಿದೀತೆಂಬ ವಾದಕ್ಕೆ ಕಾಚಂಪುಳಿ ಹಣ್ಣೇ ಉತ್ತರ. ಕೊಡಗಿನವರು ಆ ಹಣ್ಣಿನ ರಸವನ್ನು ಕಪ್ಪಗೆ ಕಾಯಿಸಿ ಪಂದಿಕರಿಗೆ ಹಾಕಿ ನಾಲ್ಕು ತುತ್ತು ಹೆಚ್ಚು ಉಂಡರು. ಅಮೆರಿಕದಲ್ಲಿ ಅದೇ ಹಣ್ಣು ಮೈ ಇಳಿಸುವ ಮಾತ್ರೆಯಾಯಿತು. 1998ರ ಒಂದು ವೈದ್ಯಕೀಯ ಪರೀಕ್ಷೆಯಲ್ಲಿ ಮಾತ್ರೆಯಿಂದ ಪ್ರಯೋಜನ ಕಾಣಲಿಲ್ಲ, ಮಾರಾಟವೂ ನಿಲ್ಲಲಿಲ್ಲ. ಮೆಚ್ಚುಗೆಗೆ ಬೇಕಾದದ್ದು ಹೆಸರು; ಗಿಡಕ್ಕೆ ಬೇಕಾದದ್ದು ಒಂದು ಮೊಳ ತೇವದ ನೆಲ. ಆ ನೆಲಕ್ಕೇ ಕಳೆನಾಶಕ ಹೊಡೆಯುತ್ತಾರೆ, ಅಂಗಳ ಚಂದ ಕಾಣಲೆಂದು! ಯಾರ ಕಣ್ಣಿಗೆ ಚಂದ? ಎರಡು ವಾರದಲ್ಲಿ ಕೆಸು ಹಳದಿಗಟ್ಟಿ ಮಲಗುತ್ತದೆ, ತೆರ್ಮೆ ಕರಕಲಾಗುತ್ತದೆ, ಅದರ ಜೊತೆಗೆ ಯಾವ ತಿಂಗಳಲ್ಲಿ ಯಾವುದನ್ನು ಎಷ್ಟು ಎಳೆಯದಿದ್ದಾಗ ಕೊಯ್ಯಬೇಕೆಂಬ ಅರಿವೂ ಹೋಗುತ್ತದೆ. ಅದನ್ನು ಬರೆದಿಟ್ಟವರಿಲ್ಲ, ಕೈ ಹಿಡಿದು ತೋರಿಸಲು ಗಿಡವೂ ಇಲ್ಲ. ಕಕ್ಕಡ 18 ಬಂದಾಗ ಅದೇ ಮನೆಯವರು ಕೊಡೆ ಹಿಡಿದು ಪೇಟೆಗೆ ಹೋಗಿ ಮದ್ದು ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುತ್ತಾರೆ.