ಕೋಣಂದೂರಿಗೆ ಬರುವವರ ಅವಗಾಹನೆಗೆ

ದೂರದೇಶಕ್ಕೆ ಹೊರಟು ನಿಂತವರನ್ನು ಚೆನ್ನಾಗಿ ಹೆದರಿಸಿ ಕಳುಹಿಸುವುದು, ಎಲ್ಲ ಕಾಲಗಳ ಎಲ್ಲ ಸಮಾಜಗಳೂ ಶ್ರದ್ಧೆಯಿಂದ ಆಚರಿಸಿಕೊಂಡು ಬಂದಿರುವ ಒಂದು ಸಂಸ್ಕಾರ. ಪೂರ್ವದಲ್ಲಿ ಈ ಕಾರ್ಯಭಾರವನ್ನು ಮನೆಯ ಅಜ್ಜಿಯರು ವಹಿಸಿದ್ದರು. ಘಟ್ಟದ ಕೆಳಗೆ ಹೋದರೆ ನೀರನ್ನು ಕಾಯಿಸದೆ ಕುಡಿಯಬೇಡ, ಬಯಲುಸೀಮೆಗೆ ಹೋದರೆ ಬಿಸಿಲಿಗೆ ನೆತ್ತಿ ಕೊಡಬೇಡ, ಎಲ್ಲಿಗೇ ಹೋದರೂ ಹಸಿದು ಹಲಸು ಉಂಡು ಮಾವು ಎಂಬುದನ್ನು ಮರೆಯಬೇಡ ಎಂದು, ಗಾಡಿಯ ಎತ್ತುಗಳು ಊರಬಾಗಿಲು ದಾಟುವವರೆಗೂ ಅವರು ಹೇಳುತ್ತಲೇ ಇರುತ್ತಿದ್ದರು. ಈಗ ಆ ಅಧಿಕಾರವನ್ನು ಸರಕಾರಗಳು ಕಸಿದುಕೊಂಡಿವೆ. ಒಂದು ದೇಶದ ಸರಕಾರವು ಇನ್ನೊಂದು ದೇಶದ ನೀರು, ಗಾಳಿ, ಸೊಳ್ಳೆ, ಕಳ್ಳ, ಹಾದಿಬದಿಯ ತಿಂಡಿ ಇವುಗಳ ವಿಷಯದಲ್ಲಿ ತನ್ನ ಪ್ರಜೆಗಳಿಗೆ ಕೊಡುವ ಎಚ್ಚರಿಕೆಯನ್ನು ಓದಿದವನಿಗೆ, ಆ ಇನ್ನೊಂದು ದೇಶದಲ್ಲಿ ಜನರು ಇನ್ನೂ ಬದುಕಿದ್ದಾರೆ ಎಂಬುದೇ ಒಂದು ವಿಸ್ಮಯವಾಗಿ ತೋರುತ್ತದೆ.

ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ನನ್ನ ಭಾವಮೈದುನನ ಮಗಳು, ಕೆರಿಬಿಯನ್ ಸಮುದ್ರದ ಜಮೈಕ ದ್ವೀಪಕ್ಕೆ ಹೋಗುವವಳು, ಹಿರಿಯರಿಗೆ ನಮಸ್ಕರಿಸುವ ನೆಪದಿಂದ ಆಷಾಢದ ಮಳೆಯಲ್ಲಿ ಮಲೆನಾಡಿನ ನಮ್ಮೂರಾದ ಕೋಣಂದೂರಿಗೆ ಬಂದಾಗ, ಇಂತಹುದೊಂದು ಕೈಪಿಡಿಯನ್ನು ಜೊತೆಯಲ್ಲಿ ತಂದಿದ್ದಳು. "ಮಾವ, ಇದನ್ನು ಒಂದು ಸಲ ಓದಿ ನೋಡಿ, ಹೋಗುವುದೋ ಬಿಡುವುದೋ ತಿಳಿಯುತ್ತಿಲ್ಲ" ಎಂದಳು. ಮೇಷ್ಟರಾಗಿ ನಿವೃತ್ತನಾದವನಿಗೆ ಗಟ್ಟಿಯಾಗಿ ಓದುವ ಅವಕಾಶ ಸಿಕ್ಕುವುದು ಅಪರೂಪವಾದುದರಿಂದ, ನಾನು ಜಗಲಿಯ ಮೇಲೆ ಕುಳಿತು, ಕಂಬಳಿ ಹೊದೆದು ಮಳೆ ನೋಡುತ್ತಿದ್ದ ನೆರೆಮನೆಯ ಗೌಡರಿಗೂ ಕೇಳುವಂತೆ, ಒಂದೊಂದನ್ನೇ ಕನ್ನಡಕ್ಕೆ ತಿರುಗಿಸಿ ಓದಿದೆನು. ಅಲ್ಲಿಯ ಸೊಳ್ಳೆಯು ಹಗಲಿನಲ್ಲಿಯೂ ಕಚ್ಚಿ ಡೆಂಗಿ ಜ್ವರವನ್ನು ತರುತ್ತದೆ. ಕಡಲತೀರದಲ್ಲಿ ಮಂಚಿನೀಲ್ ಎಂಬ ಮರವಿದೆ. ಅದರ ಹಣ್ಣು ಪುಟ್ಟ ಸೇಬನ್ನು ಹೋಲಿದರೂ ವಿಷ. ಮಳೆ ಬಂದಾಗ ಅದರಡಿಯಲ್ಲಿ ನಿಂತರೆ, ಎಲೆಯಿಂದ ತೊಟ್ಟಿಕ್ಕುವ ನೀರೇ ಮೈಮೇಲೆ ಬೊಕ್ಕೆ ಏಳಿಸುತ್ತದೆ. ಆಕಿ ಎಂಬುದು ಆ ದೇಶದ ರಾಷ್ಟ್ರೀಯ ಫಲ. ಮರದಲ್ಲಿಯೇ ಪಕ್ವವಾಗಿ ತಾನಾಗಿ ಬಾಯಿಬಿಟ್ಟ ಬಳಿಕ ಬೇಯಿಸಿದರೆ ಭೋಜನ, ಅದಕ್ಕೆ ಮೊದಲು ತಿಂದರೆ ವಾಂತಿ, ಕೆಲವೊಮ್ಮೆ ಮರಣ. ಜೂನ್ ಮೊದಲ್ಗೊಂಡು ನವೆಂಬರ್ ಮುಗಿಯುವವರೆಗೆ ಚಂಡಮಾರುತಗಳ ಕಾಲ.

ಎಲ್ಲವನ್ನೂ ಸಾವಧಾನದಿಂದ ಕೇಳಿಸಿಕೊಂಡ ಗೌಡರು, ಬಾಯೊಳಗಿನ ಎಲೆಯಡಿಕೆಯನ್ನು ಅಂಗಳದ ಮೂಲೆಗೆ ಉಗಿದು ಬಂದು, "ಅಲ್ಲ ಮೇಷ್ಟ್ರೇ, ಹಗಲೆಲ್ಲ ಕಚ್ಚೋ ಸೊಳ್ಳೆ, ಮೈ ಸುಡೋ ಮರ, ಹದ ತಪ್ಪಿದ್ರೆ ಜೀವ ತೆಗೆಯೋ ತರಕಾರಿ, ಆರು ತಿಂಗಳು ಮಳೆಗಾಳಿ. ಇಷ್ಟಕ್ಕೆ ಈ ಹುಡುಗಿ ಅಷ್ಟೊಂದು ದುಡ್ಡು ಸುರಿದು ಸಮುದ್ರ ಯಾಕೆ ದಾಟಬೇಕು? ಇಲ್ಲೇ ನಾಲ್ಕು ದಿನ ಇದ್ಕೊಂಡು ಹೋಗು ತಂಗೀ" ಎಂದರು.

ಗೌಡರ ಮಾತನ್ನು ವಿನೋದವೆಂದು ತಳ್ಳಿಹಾಕುವಂತಿರಲಿಲ್ಲ. ನಮ್ಮ ಕಾಡಿನ ಹೊಳಗೇರಿನ ಸೊನೆ ತಾಗಿದವನು, ಮುಖವೆಲ್ಲ ಊದಿಸಿಕೊಂಡು, ಗುರುತಿನವರಿಗೂ ಗುರುತು ಸಿಗದಂತೆ ವಾರಗಟ್ಟಲೆ ಮನೆಯೊಳಗೆ ಕುಳಿತುಕೊಳ್ಳುವುದನ್ನು ನೋಡಿದ್ದೇನೆ. ಮಳೆಗಾಲದ ಮೊದಲ ಭಾಗದಲ್ಲಿ ಮೊಳೆಯುವ ಬಿದಿರಿನ ಕಳಲೆಯನ್ನು ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ದಿನದಿನವೂ ನೀರು ಬದಲಿಸಿ, ಮೂರನೆಯ ದಿನಕ್ಕೆ ಪಲ್ಯ ಮಾಡುವ ನಮ್ಮ ಹೆಂಗಸರು, ಅದರಲ್ಲಿ ಸಯನೈಡಿನ ಅಂಶವಿದೆಯೆಂದು ಯಾವ ರಸಾಯನಶಾಸ್ತ್ರಜ್ಞನಿಂದಲೂ ಕಲಿತವರಲ್ಲ. ಹುಣಿಸೆಹಣ್ಣು ಸಾಲದೆ ಮಾಡಿದ ಕೆಸುವಿನೆಲೆಯ ಪತ್ರೊಡೆ ಕೊಲ್ಲುವುದಿಲ್ಲ, ನಿಜ. ಆದರೆ ಗಂಟಲಿನ ತುರಿಕೆಯನ್ನು ನುಂಗಿಕೊಂಡು "ಬಹಳ ಚೆನ್ನಾಗಿದೆ" ಎನ್ನಬೇಕಾದ ಅಳಿಯನ ಸಂಕಟವು ಯಾವ ಕೈಪಿಡಿಯಲ್ಲಿಯೂ ದಾಖಲಾಗಿಲ್ಲ.

ಪ್ರಸಂಗವಶಾತ್ ಹೇಳುವುದಾದರೆ, ಜಮೈಕ ದ್ವೀಪದಲ್ಲಿ ಕನ್ನಡನಾಡಿನವರಿಗೆ ಒದಗಿದ ಅತಿ ಪ್ರಸಿದ್ಧವಾದ ಅನಾರೋಗ್ಯವು ಸೊಳ್ಳೆಯಿಂದಲೂ ಬಂದುದಲ್ಲ, ಹಣ್ಣಿನಿಂದಲೂ ಬಂದುದಲ್ಲ. 1976ರ ಏಪ್ರಿಲ್ ತಿಂಗಳಿನಲ್ಲಿ ಕಿಂಗ್‌ಸ್ಟನ್ ನಗರದ ಸಬೀನಾ ಪಾರ್ಕಿನಲ್ಲಿ ನಡೆದ ಟೆಸ್ಟ್ ಪಂದ್ಯದಲ್ಲಿ, ಮೈಕೆಲ್ ಹೋಲ್ಡಿಂಗ್ ಮೊದಲಾದವರು ಎಸೆದ ಚೆಂಡುಗಳಿಗೆ ನಮ್ಮ ವಿಶ್ವನಾಥರ ಬೆರಳು ಮುರಿಯಿತು, ಬ್ರಿಜೇಶ್ ಪಟೇಲರ ಬಾಯಿ ಒಡೆಯಿತು. ಚಂದ್ರಶೇಖರರು ಕ್ಷೇತ್ರರಕ್ಷಣೆಯಲ್ಲಿಯೇ ಗಾಯಗೊಂಡರು. ಭಾರತದ ಎರಡನೆಯ ಸರದಿಯು ಐದು ವಿಕೆಟ್ಟಿಗೆ 97 ಓಟಗಳಾಗಿದ್ದಾಗ, ಆಡಲು ಶಕ್ತರಾದವರು ಇನ್ನಾರೂ ಉಳಿದಿಲ್ಲವೆಂದು, ಅಲ್ಲಿಗೇ ಮುಗಿಯಿತು. ಆಗ ಶಿರಸ್ತ್ರಾಣಗಳಿನ್ನೂ ಬಂದಿರಲಿಲ್ಲ. ನಾನು ಓದಿದ ಕೈಪಿಡಿಯಲ್ಲಿ ವೇಗದ ಬೌಲಿಂಗಿನ ಪ್ರಸ್ತಾಪವೇ ಇಲ್ಲದಿರುವುದನ್ನು ಒಂದು ಗುರುತರವಾದ ಲೋಪವೆಂದು ಭಾವಿಸುತ್ತೇನೆ.

ನಮ್ಮ ಸೀಮೆಗೆ ಬರುವವರಿಗಾದರೋ ಇಂತಹ ಪುಸ್ತಕವಿಲ್ಲ. 1623ರಲ್ಲಿ ಇಕ್ಕೇರಿಗೆ ಬಂದ ಪಿಯೆತ್ರೊ ದೆಲ್ಲ ವಾಲ್ಲೆಯಾಗಲಿ, 1801ರಲ್ಲಿ ನಗರ ಸೀಮೆಯನ್ನು ಸುತ್ತಿದ ಬುಕಾನನ್ನನಾಗಲಿ, ತಾವೇ ಪುಸ್ತಕ ಬರೆದರೇ ಹೊರತು ಬರುವ ಮುನ್ನ ಓದಿಕೊಂಡು ಬರಲು ಅವರಿಗೆ ಏನೂ ಇರಲಿಲ್ಲ. ಈಗ ಆಗುಂಬೆಗೆ, ಕುಪ್ಪಳಿಗೆ, ಕವಲೆದುರ್ಗಕ್ಕೆ, ಹುಂಚಕ್ಕೆ ಹೋಗುವವರು ನಮ್ಮೂರ ಕಡೆಗೂ ಹಾಯುವುದುಂಟು. ಅವರೆಲ್ಲರ ಉಪಯೋಗಕ್ಕಾಗಿ ಅಂತಹದೊಂದನ್ನು ನಾನೇ ಏಕೆ ರಚಿಸಬಾರದೆಂಬ ಆಲೋಚನೆ ಅಂದು ಹುಟ್ಟಿತು. ರಚಿಸಲು ಕುಳಿತಾಗ ತಿಳಿದುಬಂದ ಮುಖ್ಯ ವಿಷಯವೆಂದರೆ, ಪ್ರವಾಸಿಯು ಯಾವುದಕ್ಕೆ ಹೆದರುತ್ತಾನೆಯೋ ಅದು ಅವನಿಗೆ ಏನೂ ಮಾಡುವುದಿಲ್ಲ. ಯಾವುದು ಮಾಡುತ್ತದೆಯೋ ಅದನ್ನು ಅವನು ನೋಡಿಯೇ ಇರುವುದಿಲ್ಲ.

ಉಂಬಳವನ್ನೇ, ಎಂದರೆ ನಮ್ಮ ಕಾಡುತೋಟಗಳ ಜಿಗಣೆಯನ್ನೇ, ತೆಗೆದುಕೊಳ್ಳಿರಿ. ಮಲೆನಾಡೆಂದ ಕೂಡಲೆ ಬಯಲುಸೀಮೆಯವರ ಕಣ್ಣಮುಂದೆ ನಿಲ್ಲುವ ಮೊದಲ ಪ್ರಾಣಿ ಇದು. ಆರಿದ್ರಾ ಮಳೆ ಹಿಡಿದ ಮೇಲೆ ತೋಟದ ಹಾದಿಯಲ್ಲಿ ನಾಲ್ಕು ಹೆಜ್ಜೆ ಇಟ್ಟವನ ಕಾಲಿಗೆ ಇದು ಹತ್ತದೆ ಬಿಡುವುದಿಲ್ಲ. ಹತ್ತಿದ್ದು ಅವನಿಗೆ ತಿಳಿಯುವುದಿಲ್ಲ. ತಿಳಿಯುವುದು ಅದು ಹೊಟ್ಟೆ ತುಂಬ ಕುಡಿದು ತಾನಾಗಿ ಉದುರಿದ ಮೇಲೆ, ಕಾಲುಚೀಲ ಕೆಂಪಾದಾಗ. ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ್ಯವಿದೆಯೆಂದು 1884ರಲ್ಲಿಯೇ ಹೇಕ್ರಾಫ್ಟನೆಂಬ ವಿದ್ವಾಂಸನು ಕಂಡುಹಿಡಿದಿದ್ದಾನೆ. ಆದುದರಿಂದ ಆ ರಕ್ತವು ಕೊಂಚ ಕಾಲ ಹರಿಯುವುದು ಶಾಸ್ತ್ರಸಮ್ಮತವಾದ ಸಂಗತಿ. ನಗರದ ಅತಿಥಿಗಳು ಇದನ್ನು ಕಂಡು ಕೂಗುವ ಕೂಗು ಮೂರು ಮನೆಯಾಚೆಗೆ ಕೇಳುತ್ತದೆ. ಕಿತ್ತು ಎಳೆಯಬಾರದು, ಒಂದು ಚಿಟಿಕೆ ಸುಣ್ಣವನ್ನೋ ಉಪ್ಪನ್ನೋ ಮುಟ್ಟಿಸಿದರೆ ಬಿಡುತ್ತದೆ, ಹೊಗೆಸೊಪ್ಪಿನ ನೀರು ಹಚ್ಚಿಕೊಂಡು ಹೊರಟರೆ ಹತ್ತಿರವೂ ಸುಳಿಯುವುದಿಲ್ಲ. ಎರಡು ದಿನ ತುರಿಸುತ್ತದೆ, ಅಷ್ಟೆ. ಇಷ್ಟು ಅಲ್ಪವಾದ ಅಪರಾಧಕ್ಕೆ ಇಷ್ಟು ದೊಡ್ಡ ಅಪಕೀರ್ತಿಯನ್ನು ಹೊತ್ತ ಜೀವಿ ಇನ್ನೊಂದಿಲ್ಲ.

ಹಾವಿನ ವಿಷಯವೂ ಹೀಗೆಯೇ. ಕಾಳಿಂಗನನ್ನು ಕಾಣಬೇಕೆಂದು ಆಗುಂಬೆಗೆ ಹೋಗುವವರೂ, ಕಾಳಿಂಗನು ಕಂಡಾನೆಂದು ಆಗುಂಬೆಗೆ ಹೋಗದಿರುವವರೂ ಸಮಸಂಖ್ಯೆಯಲ್ಲಿರಬೇಕು. ಆ ಗಂಭೀರ ಪ್ರಾಣಿಗೆ ಈ ಎರಡು ಪಂಗಡಗಳಲ್ಲಿಯೂ ಆಸಕ್ತಿಯಿಲ್ಲ. ಕತ್ತಲೆಯಲ್ಲಿ ಟಾರ್ಚಿಲ್ಲದೆ ತೋಟಕ್ಕಾಗಲಿ ಕೊಟ್ಟಿಗೆಗಾಗಲಿ ಹೋಗಬಾರದು, ಕಚ್ಚಿದರೆ ಮಂತ್ರದವರನ್ನು ಹುಡುಕದೆ ಆಸ್ಪತ್ರೆಗೆ ಧಾವಿಸಬೇಕು. ಇದಕ್ಕಿಂತ ಹೆಚ್ಚಿನದೇನನ್ನೂ ಹೇಳಬೇಕಾಗಿಲ್ಲ.

ನಿಜವಾಗಿ ಬೀಳಿಸುವುದು ಅಂಗಳ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕು ಮಳೆ ಹೊಯ್ಯುವ ಆಗುಂಬೆಯಷ್ಟಲ್ಲವಾದರೂ, ನಮ್ಮಲ್ಲಿಯೂ ಪುಷ್ಯ ಮಳೆಯ ಹೊತ್ತಿಗೆ ಪ್ರತಿ ಮನೆಯ ಅಂಗಳವೂ ಹಸುರು ಪಾಚಿ ಕಟ್ಟಿ, ನೋಡುವವರಿಗೆ ಮನೋಹರವಾಗಿಯೂ ನಡೆಯುವವರಿಗೆ ಮಾರಕವಾಗಿಯೂ ಪರಿಣಮಿಸುತ್ತದೆ. ಊರಿನವರು ಅಡಿಕೆಯ ದಬ್ಬೆಯನ್ನೋ ಸೋಗೆಯನ್ನೋ ಹಾಸಿ, ಅದರ ಮೇಲೆ ಹೆಜ್ಜೆಯಿಡುತ್ತಾರೆ. ಅತಿಥಿಯು ಆ ಹಸುರನ್ನು ಕಂಡು ಪರವಶನಾಗಿ, ದಬ್ಬೆಯನ್ನು ಬಿಟ್ಟು ಪಕ್ಕಕ್ಕೆ ಸರಿದು, ಫೋಟೊ ತೆಗೆಯಲು ಮೊಬೈಲನ್ನು ಎತ್ತುವಷ್ಟರಲ್ಲಿ ತಾನೇ ಒಂದು ದೃಶ್ಯವಾಗಿ ಬಿಡುತ್ತಾನೆ. ನನಗೆ ಗೊತ್ತಿರುವ ಮಟ್ಟಿಗೆ ನಮ್ಮ ನೆಂಟರಿಷ್ಟರಲ್ಲಿ ಹಾವಿನಿಂದ ಆಸ್ಪತ್ರೆ ಸೇರಿದವರು ಯಾರೂ ಇಲ್ಲ. ಪಾಚಿಯಿಂದ ಸೇರಿದವರನ್ನು ಎಣಿಸಲು ಎರಡು ಕೈ ಸಾಲದು. ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಸಂಕದ ವಿಷಯದಲ್ಲಿಯೂ, "ಏನೂ ಆಗುವುದಿಲ್ಲ, ಬನ್ನಿ ಮಾರಾಯ್ರೆ" ಎಂದು ಅದರ ಮೇಲೆ ಹೊರೆ ಹೊತ್ತು ಓಡುವ ನಮ್ಮವರ ಭರವಸೆಯನ್ನು ಪ್ರಮಾಣವಾಗಿ ಸ್ವೀಕರಿಸತಕ್ಕದ್ದಲ್ಲ. ಅವರಿಗೆ ನಿಜಕ್ಕೂ ಏನೂ ಆಗುವುದಿಲ್ಲ.

ಎರಡನೆಯ ಅಪಾಯವು ಆತಿಥ್ಯ. ಮಲೆನಾಡಿನ ಮನೆಯಲ್ಲಿ ಸಾಕೆಂಬ ಮಾತಿಗೆ ಬೆಲೆಯಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ಬಡಿಸುತ್ತಾರೆ. ಕಡುಬಿನ ಮೇಲೆ ಕಡುಬು, ಅದರ ಮೇಲೆ ತುಪ್ಪ, ಹಲಸಿನಹಣ್ಣಿನ ಕಾಲವಾದರೆ ಅದರ ಪಾಯಸ, ಇಷ್ಟೆಲ್ಲವನ್ನೂ ದಾಟಿ ಜಗಲಿಗೆ ಬಂದು ಉಸಿರು ಬಿಡುವಷ್ಟರಲ್ಲಿ ಎಲೆಯಡಿಕೆಯ ತಟ್ಟೆ. ಇಲ್ಲಿ ಅಭ್ಯಾಸವಿಲ್ಲದವನು ಧೈರ್ಯ ಪ್ರದರ್ಶಿಸಲು ಹೋಗಬಾರದು. ಹಸಿ ಅಡಿಕೆ ಸೊಕ್ಕಿತೆಂದರೆ, ಕಿವಿ ಬಿಸಿಯಾಗಿ, ಹಣೆ ಬೆವರಿ, ಎದೆ ಹಿಡಿದಂತಾಗಿ, ಜಗಲಿಯ ಕಂಬಗಳು ಇದ್ದಲ್ಲಿಂದ ಕದಲತೊಡಗುತ್ತವೆ. ಬೆಂಗಳೂರಿನ ಹೃದ್ರೋಗತಜ್ಞರ ನೆನಪಾಗುತ್ತದೆ. ಮನೆಯವರು ಗಾಬರಿಯಾಗದೆ, "ಸೊಕ್ಕಿದೆ ಅಷ್ಟೆ" ಎಂದು ತಣ್ಣೀರು ಕುಡಿಸಿ ಮಲಗಿಸುತ್ತಾರೆ; ಸ್ವಲ್ಪ ಹೊತ್ತಿನಲ್ಲಿ ಕಂಬಗಳು ಸ್ವಸ್ಥಾನ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2004ರಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆಯೆಂಬುದನ್ನೂ ಕೈಪಿಡಿಯ ರಚನಕಾರನಾಗಿ ನಾನು ತಿಳಿಸತಕ್ಕವನೇ. ಆದರೆ ಈ ವಾಕ್ಯವನ್ನು ಅಡಿಕೆ ಮಂಡಿಯ ಆಸುಪಾಸಿನಲ್ಲಿ ಗಟ್ಟಿಯಾಗಿ ಓದಬಾರದಾಗಿ ವಿನಂತಿ.

ಇಷ್ಟರವರೆಗೆ ನಗುತ್ತ ಬರೆಯಬಹುದು, ಮುಂದಿನದು ಹಾಗಲ್ಲ. ಕೆರಿಬಿಯನ್ ದ್ವೀಪಗಳ ಇತಿಹಾಸದಲ್ಲಿ ಸೊಳ್ಳೆಯಿಂದ ಬರುವ ಹಳದಿ ಜ್ವರವೆಂಬುದೊಂದಿದೆ. ಈಗಿನ ಹೈತಿ ದೇಶವನ್ನು ಗೆಲ್ಲಲು ನೆಪೋಲಿಯನ್ನನು ಕಳುಹಿಸಿದ ಮಹಾಸೈನ್ಯವು 1802ರಲ್ಲಿ ಬಹುಮಟ್ಟಿಗೆ ಅದರಿಂದಲೇ ಕರಗಿತು. ಸೇನಾನಿಯಾಗಿದ್ದ ಅವನ ತಂಗಿಯ ಗಂಡ ಲಕ್ಲೇರನೂ ಅದರಿಂದಲೇ ಸತ್ತನು. ಫಿರಂಗಿಗಳ ಲೆಕ್ಕ ಹಾಕಿದ್ದವರು ಸೊಳ್ಳೆಯ ಲೆಕ್ಕ ಹಾಕಿರಲಿಲ್ಲ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದು, ಕಾಡಿಗೆ ಹೋದ ಜನರಿಗೆ ಭಯಂಕರವಾದ ಜ್ವರ ಬರತೊಡಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆ ಹಳದಿ ಜ್ವರವೇ ಸಮುದ್ರ ದಾಟಿ ಏಷ್ಯಕ್ಕೆ ಬಂದಿತೋ ಎಂದು ಶಂಕಿಸಿದರು. ಪರೀಕ್ಷಿಸಿದಾಗ ಅದು ಬೇರೆಯೇ ಆದ, ಅದುವರೆಗೆ ಜಗತ್ತಿಗೆ ತಿಳಿಯದಿದ್ದ ವೈರಸ್ಸೆಂದು ಕಂಡಿತು. ಜಗತ್ತು ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎನ್ನುತ್ತದೆ. ನಮಗೆ ಅದು ಮಂಗನ ಕಾಯಿಲೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯನ್ನು ಅದು ನಡುಗಿಸಿತು. ನಮ್ಮ ತೀರ್ಥಹಳ್ಳಿ ತಾಲ್ಲೂಕಿಗೂ ಅದು ಹೊಸತಲ್ಲ.

ಅದನ್ನು ಹರಡುವುದು ಮಂಗವಲ್ಲ, ಉಣುಗು. ಅದರ ಮರಿಯು ಎಳ್ಳುಕಾಳಿಗಿಂತ ದೊಡ್ಡದಲ್ಲ. ಉಂಬಳದಂತೆ ರಕ್ತ ಹರಿಸಿ ತನ್ನ ಬರವನ್ನು ಸಾರುವ ಸಭ್ಯತೆಯೂ ಅದಕ್ಕಿಲ್ಲ. ವಿಪರ್ಯಾಸವೆಂದರೆ, ಮಳೆಗಾಲದಲ್ಲಿ ಉಂಬಳಕ್ಕೆ ಹೆದರಿ ಊರಿನಲ್ಲಿ ಉಳಿದ ಪ್ರವಾಸಿಯು, ಎಲ್ಲ ಒಣಗಿತು, ಇನ್ನು ಭಯವಿಲ್ಲ ಎಂದು ಹೊರಡುವ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಕಾಲವೇ ಉಣುಗಿನ ಕಾಲ. ಚಾರಣವೆಂದು ಅರೆತೋಳಿನ ಅಂಗಿ ಚಡ್ಡಿಗಳಲ್ಲಿ ಹೊರಟು, ದಣಿವಾದಾಗ ತರಗೆಲೆಯ ಮೇಲೆಯೇ ಆರಾಮವಾಗಿ ಒರಗುವವರನ್ನು ಕಂಡರೆ ನನಗೆ ಲಕ್ಲೇರನ ನೆನಪಾಗುತ್ತದೆ. ಈ ರೋಗಕ್ಕೆಂದೇ ಆದ ಔಷಧವು ಇಂದಿಗೂ ಇಲ್ಲ. ಜ್ವರವನ್ನು, ರಕ್ತಸ್ರಾವವನ್ನು ಸಂಭಾಳಿಸುವ ಶುಶ್ರೂಷೆಯೊಂದೇ ಇರುವುದು.

ಆದುದರಿಂದ ಮಹನೀಯರೇ, ಬೇಸಗೆಯಲ್ಲಿ ಇತ್ತ ಬರುವುದಾದರೆ ಕಾಡಿಗೆ ಹೋಗುವ ಮುನ್ನ, ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳಿರಿ. ಮೈ ಮುಚ್ಚುವ ಬಟ್ಟೆ ತೊಡಿರಿ. ಹಿಂದಿರುಗಿದ ಕೂಡಲೆ ಬಿಸಿನೀರಿನಲ್ಲಿ ಮಿಂದು, ತೊಟ್ಟ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿರಿ. ಊರು ಸೇರಿದ ಮೇಲೆ ಜ್ವರ ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆನೆಂದು ವೈದ್ಯರಿಗೆ ಮೊದಲ ಮಾತಿನಲ್ಲಿಯೇ ಹೇಳಿರಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಅಯ್ಯೋ ಪಾಪವೆಂದು ಮಣ್ಣು ಮಾಡುವ ಪುಣ್ಯಕಾರ್ಯಕ್ಕೂ ತೊಡಗದೆ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.