ಗೋಣಿಭಾವನ ಡಿಕ್ಕಿ

ನಮ್ಮ ತೀರ್ಥಹಳ್ಳಿ ಕಡೆ ಊರಿಗೊಬ್ಬ ಹಾವು ಹಿಡಿಯುವವನು, ಊರಿಗೊಬ್ಬ ನೋವಿನೆಣ್ಣೆ ಕಾಸುವವನು ಇರುವ ಹಾಗೆ ಊರಿಗೊಬ್ಬ ಗೋಣಿಭಾವನೂ ಇರುತ್ತಾನೆ. ಹೆಸರು ಬೇರೆ ಬೇರೆ, ಡಿಕ್ಕಿ ಮಾತ್ರ ಒಂದೇ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ನಮಗೂ ಒಂದಿಷ್ಟು ಪಾಲು ಹಂಚುತ್ತದೆ. ಜೂನ್ ಹತ್ತಿರ ಬಂತೆಂದರೆ ಉಳಿದವರು ಸೌದೆ ಒಳಗೆ ಹಾಕಿ, ಹಪ್ಪಳ ಡಬ್ಬಿಗೆ ತುಂಬುತ್ತಾರೆ. ಗೋಣಿಭಾವ ಡಿಕ್ಕಿ ತುಂಬುತ್ತಾನೆ. ಕಾರು ಎಲ್ಲಿ ಹೂತರೂ ಯಾರ ಹಂಗೂ ಇಲ್ಲದೆ ಒಬ್ಬನೇ ಎತ್ತಬೇಕು ಎಂಬುದು ಅವನ ವ್ರತ.

ನನ್ನ ಪಾಲಿಗೆ ಬಂದ ಗೋಣಿಭಾವ ಅಕ್ಕನ ಗಂಡನೇ. ಕಾರು ಹಳೆಯ ಮಾರುತಿ 800. ಅದರ ಡಿಕ್ಕಿಯಲ್ಲಿ ಎರಡು ಕುಂಬಳಕಾಯಿ ಇಟ್ಟರೆ ಮೂರನೆಯದು ಮಡಿಲಲ್ಲಿ ಕೂರಬೇಕು. ಅಂಥದ್ದರೊಳಗೆ ನಾಲ್ಕು ಒಣ ಗೋಣಿಚೀಲ, ಒಂದು ಚೀಲ ಬೂದಿ, ಹಾರೆ, ಪಿಕಾಸಿ, ಕತ್ತಿ, ಬಾವಿಯ ಹಳೇ ಹಗ್ಗ, ಸೈಕಲ್ ಪಂಪು, ಜಾಕಿನಡಿಗೆ ಇಡಲು ಹಲಸಿನ ಹಲಗೆ. ಹಲಗೆಯಿಲ್ಲದೆ ಕೆಸರಲ್ಲಿ ಜಾಕು ತಿರುಗಿಸಿದರೆ ಕಾರು ಮೇಲೆ ಬರುವ ಬದಲು ಜಾಕೇ ಪಾತಾಳಕ್ಕೆ ಇಳಿಯುತ್ತದೆ ಎಂಬ ಜ್ಞಾನ ಭಾವನಿಗೆ ಒಂದು ಜಾಕು ಕಳೆದುಕೊಂಡ ಮೇಲೆ ಬಂದದ್ದು. ಅಡಿಕೆ ದಬ್ಬೆಗಳನ್ನು ತೆಂಗಿನ ಹುರಿಯಲ್ಲಿ ಹೆಣೆದ ಏಣಿಯೊಂದಿದೆ, ಚಕ್ರ ಹತ್ತಿ ಬರಲು. ಮೊದಲು ಅಡಿಕೆ ಹಾಳೆ ಹಾಕಿ ನೋಡಿದ್ದ. ಮಕ್ಕಳು ಹಾಳೆಯ ಮೇಲೆ ಕೂತು ಜಾರಿದ ಹಾಗೆಯೇ ಕಾರೂ ಜಾರಿತು. ಇನ್ನು ‘ಸುಸ್ವಾಗತ’ ಎಂದು ಬರೆದ ನಾರಿನ ಕಾಲೊರಸು. ಅದು ಅಕ್ಕನ ಮನೆಬಾಗಿಲಿನಿಂದ ಕಾಣೆಯಾಗಿ ಮೂರು ವರ್ಷವಾಯಿತು.

ಸರಂಜಾಮಿನ ಜೊತೆ ಸಿದ್ಧಾಂತವೂ ಇದೆ. “ಡಿಫರೆನ್ಷಿಯಲ್ ಅಂದ್ರೆ ಮುದ್ದು ಮಾಡೋ ಅಜ್ಜಿ ಇದ್ದ ಹಾಗೆ ಮಾರಾಯ. ಇಬ್ಬರು ಮೊಮ್ಮಕ್ಕಳಲ್ಲಿ ಯಾವನು ಕೆಲಸ ಮಾಡದೆ ಗಿರಗಿರ ತಿರುಗ್ತಾನೋ ಅವನಿಗೇ ಎಲ್ಲ ಕೊಡೋದು. ನೆಲ ಕಚ್ಚಿ ನಿಂತವನಿಗೆ ಏನೂ ಇಲ್ಲ.” ಅಪ್ಪನ ಅಂಬಾಸಿಡರಿನಲ್ಲಿ ಹ್ಯಾಂಡ್ ಬ್ರೇಕನ್ನು ಅರ್ಧ ಎಳೆದರೆ ತಿರುಗುವ ಮೊಮ್ಮಗ ಕೊಂಚ ಹೆದರಿ, ಬಲ ಇನ್ನೊಬ್ಬನ ಕಡೆ ಹೋಗುತ್ತಿತ್ತಂತೆ. ಈ ಕಾರಿನಲ್ಲಿ ಇಂಜಿನ್ನು ತಿರುಗಿಸುವುದು ಮುಂದಿನ ಚಕ್ರ, ಹ್ಯಾಂಡ್ ಬ್ರೇಕು ಹಿಡಿಯುವುದು ಹಿಂದಿನದನ್ನು. “ಹಿತ್ತಲಲ್ಲಿದ್ದವನಿಗೆ ಬೈದರೆ ಜಗಲಿಯವನು ಕೇಳ್ತಾನಾ?”

ಇದನ್ನು ಕೇಳುತ್ತಾ ಅಕ್ಕ ಒಮ್ಮೆ ಬೀನ್ಸ್ ಮುರಿಯುತ್ತಲೇ ಅಂದಳು: “ಹಾಗಾದ್ರೆ ಹಿಂದೆ ಇಷ್ಟು ಭಾರ ಹೇರಿದ್ರೆ ಮುಂದಿನ ಚಕ್ರ ನೆಲ ಕಚ್ಚೋದು ಹೇಗೆ?” ಭಾವ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನದಿಂದ ಏರಿನಲ್ಲಿ ಕಾರು ನಿಂತರೆ ಅಕ್ಕನನ್ನು ಮುಂದಿನ ಸೀಟಿನಿಂದ ಇಳಿಯಗೊಡುತ್ತಿರಲಿಲ್ಲ. ಅದು ಪ್ರೀತಿಯೆಂದು ಅವಳು ಒಂದು ವಾರ ನಂಬಿದ್ದಳು.

ಭಾವನ ನಿಜವಾದ ಶತ್ರು ಕೆಸರಲ್ಲ, ಜನ. ಮಲೆನಾಡಿನಲ್ಲಿ ಮನೆಗೂ ಮನೆಗೂ ಒಂದು ಮೈಲಿ ದೂರ. ಆದರೂ ಕಾರು ಹೂತು ಹತ್ತು ನಿಮಿಷದೊಳಗೆ ಕಂಬಳಿಕೊಪ್ಪೆಯೊಂದು ಪ್ರತ್ಯಕ್ಷವಾಗಿ, ಕಣ್ಣೆದುರೇ ಹೂತಿರುವ ಕಾರನ್ನು ನೋಡಿ “ಎಂತ, ಹೂತಿತಾ?” ಎಂದು ಕೇಳುತ್ತದೆ. ಹಿಂದೆಯೇ ಇನ್ನೈದು. ಕಳೆದ ವರ್ಷ ಮದುವೆಗೆ ಹೊರಟಾಗ ಹಾಗೇ ಆಯಿತು. ಭಾವ ಗೋಣಿ ಕೊಡವಿ, ಯಾವುದನ್ನು ಎಡಕ್ಕೆ ಯಾವುದನ್ನು ಬಲಕ್ಕೆ ಹಾಸಲಿ ಎಂದು ಯೋಚಿಸುತ್ತಿದ್ದಂತೆ ಆರು ಹುಡುಗರು “ಹೈಸಾ” ಎಂದು ಕಾರನ್ನು ಅನಾಮತ್ತಾಗಿ ಎತ್ತಿ ರಸ್ತೆಗಿಟ್ಟರು. ಭಾವ ಎರಡು ಕೈಯಲ್ಲಿ ಎರಡು ಗೋಣಿ ಹಿಡಿದು, ಮದುವೆಯ ಪಂಚೆಯುಟ್ಟು, ಮಳೆಯಲ್ಲಿ ನಿಂತಿದ್ದ. ಮದುವೆಮನೆಗೆ ನಾವು ಮುಟ್ಟುವ ಮೊದಲೇ ಕಥೆ ಮುಟ್ಟಿತ್ತು. ಬಾಳೆಲೆ ಮುಂದೆ ಕೂತರೆ ಪಾಯಸ ಬಡಿಸುವವನೂ ಬಗ್ಗಿ ಕೇಳಿದ: “ಹೂತಿತಂತಲ್ಲಾ?”

ಆ ರಾತ್ರಿ ಭಾವ ಕರ್ಣನನ್ನು ನೆನೆದ. ತಾಳಮದ್ದಳೆಯಲ್ಲಿ ಕರ್ಣಪರ್ವ ಕೇಳಿ ಉಳಿದವರು ಕಣ್ಣೊರೆಸಿಕೊಂಡರೆ ಭಾವನಿಗೆ ಸಿಟ್ಟು ಬರುತ್ತದೆ. “ಶಲ್ಯನನ್ನು ನಂಬಿದ್ದೇ ತಪ್ಪು. ಹೊತ್ತಿಗೆ ಸರಿಯಾಗಿ ರಥ ಇಳಿದು ಹೋದ. ಚಕ್ರ ಹೂತ ಮೇಲೆ ಯಾರಾದ್ರೂ ಬರಿಗೈಯಲ್ಲಿ ಎತ್ತಕ್ಕೆ ಹೋಗ್ತಾರಾ? ಕವಚ ಕುಂಡಲ ದಾನ ಮಾಡಿದ್ದು ಹಾಗಿರ್ಲಿ, ರಥದಲ್ಲಿ ಒಂದು ಹಲಗೆ, ಎರಡು ಗೋಣಿ ಇಟ್ಟುಕೊಂಡಿದ್ರೆ ಭಾರತದ ಕಥೆಯೇ ಬೇರೆ.”

ಕೊನೆಗೂ ಈ ಸಲದ ಪುನರ್ವಸು ಮಳೆ ಭಾವನಿಗೆ ಒಲಿಯಿತು. ರಾತ್ರಿ ಹತ್ತೂವರೆ, ಗದ್ದೆಬಯಲಿನ ರಸ್ತೆ, ನರಪಿಳ್ಳೆಯಿಲ್ಲ. ಎಡಗಡೆ ಚಕ್ರ ಗುಂಬದವರೆಗೆ ಇಳಿಯಿತು. ಭಾವ ಮೊದಲು ಟಾರ್ಚ್ ಹಾಕಿ ನಾಲ್ಕೂ ದಿಕ್ಕು ನೋಡಿದ, ಯಾರಾದರೂ ಇದ್ದಾರೆಂದಲ್ಲ, ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು.

ಗೋಣಿ ಹಾಸಿದ. ಚಕ್ರ ಗೋಣಿಯನ್ನು ನುಂಗಿ ಹಿಂದಕ್ಕೆ ಉಗಿಯಿತು. ‘ಸುಸ್ವಾಗತ’ವೂ ಅದೇ ದಾರಿ ಹಿಡಿಯಿತು. ಹಲಗೆಯ ಮೇಲೆ ಜಾಕಿಟ್ಟು ಚಕ್ರ ಎತ್ತಿ, ಕೆಳಗೆ ದಬ್ಬೆ ಏಣಿ ತೂರಿಸಿದ. ಟೈರು ಅಗಲವಾಗಿ ನೆಲ ಹಿಡಿಯಲೆಂದು 30 ಪೌಂಡಿನ ಗಾಳಿಯನ್ನು 18ಕ್ಕೆ ಇಳಿಸಿದ. ಹೊಟ್ಟೆ ಕೆಸರಿಗೆ ಅಂಟಿದ್ದರಿಂದ ಕಾರು ಅಲುಗಲಿಲ್ಲ. ಹಗ್ಗ ಕಟ್ಟಲು ದೊಡ್ಡ ಮರವಿಲ್ಲ. ಬದುವಿನ ಆಚೆ ಅಡಿಕೆ ಮರವಿತ್ತು, ಆದರೆ ಅಡಿಕೆಗೆ ಕಟ್ಟಿದರೆ ಮರವೇ ಕಾರಿನ ಕಡೆ ಬರುತ್ತದೆ, ಮಾರನೆಯ ದಿನ ತೋಟದವನೂ ಬರುತ್ತಾನೆ. ಆಗ ಭಾವ ಕೊನೆಯ ಅಸ್ತ್ರ ತೆಗೆದ. ರಸ್ತೆಯ ಮುಂದೆ ಮೂರಡಿ ಗುಂಡಿ ತೋಡಿ, ಸ್ಟೆಪ್ನಿಗೆ ಹಗ್ಗ ಬಿಗಿದು, ನಿಲ್ಲಿಸಿ ಹೂತು, ಮಣ್ಣು ತುಳಿದ. ನಡುವೆ ಗೂಟ ನಿಲ್ಲಿಸಿ, ಹಗ್ಗದ ಕುಣಿಕೆಗೆ ಹಾರೆ ತೂರಿಸಿ ಗೂಟದ ಸುತ್ತ ಸುತ್ತಿದ. ಕಬ್ಬಿನ ಗಾಣದ ವರಸೆ, ಎತ್ತು ತಾನೇ. ಒಂದೂವರೆ ಇಂಚು ತ್ರಿಜ್ಯದ ಗೂಟ, ನಾಲ್ಕಡಿ ಹಾರೆ, ಲೆಕ್ಕದಲ್ಲಿ 16 ಪಟ್ಟು ಬಲ, ಉಜ್ಜಾಟದಲ್ಲಿ ಅರ್ಧ ಹೋದರೂ 8 ಪಟ್ಟು. ಹಗ್ಗ ಹರಿದರೆ ಮುಖಕ್ಕೆ ಹೊಡೆಯದಿರಲೆಂದು ಅದರ ಮೇಲೆ ಒದ್ದೆ ಗೋಣಿ ಹೊದೆಸಿದ. ಸುತ್ತಿದ, ಬಿದ್ದ, ಎದ್ದು ಸುತ್ತಿದ. ಎರಡೂವರೆ ಗಂಟೆಯ ಮೇಲೆ ಕಾರು ‘ಪ್ಲಕ್’ ಎಂದು ಮೇಲೆ ಬಂತು.

ಸರಿರಾತ್ರಿ ಮನೆಗೆ ಬಂದು ಅಕ್ಕನನ್ನು ಎಬ್ಬಿಸಿ “ಎತ್ತಿದೆ ಕಣೇ, ಒಬ್ಬನೇ!” ಎಂದ. ಅಕ್ಕ “ಕಾಲು ತೊಳ್ಕೊಂಡು ಬನ್ನಿ” ಎಂದು ಮಗ್ಗುಲು ಬದಲಿಸಿದಳು.

ಹೂತ ಸ್ಟೆಪ್ನಿ ಕೀಳಲು ಆಗ ಕಸುವಿರಲಿಲ್ಲವಂತೆ. ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋದ. ಒಬ್ಬನೇ ಎತ್ತಿದ್ದಕ್ಕೂ ಒಬ್ಬ ಸಾಕ್ಷಿ ಬೇಕಲ್ಲ! ಆದರೆ ರಾತ್ರಿಯ ಮಳೆ ಗಾಲಿಯ ಗುರುತನ್ನೆಲ್ಲ ಅಳಿಸಿತ್ತು. ಎಳೆದ ರಭಸಕ್ಕೆ ಸ್ಟೆಪ್ನಿ ಇನ್ನಷ್ಟು ಕಚ್ಚಿಕೊಂಡು, ಕೆಸರು ಸುತ್ತ ಕೂತು ಗಾರೆಯಾಗಿತ್ತು. ಇಬ್ಬರೂ ಅರ್ಧ ಗಂಟೆ ಅಗೆದೆವು. ಅಷ್ಟರಲ್ಲಿ ಕಂಬಳಿಕೊಪ್ಪೆ ಬಂತು.

“ಎಂತ, ಹೂತಿತಾ?”

“ಹ್ಞೂಂ.”

“ಕಾರೆಲ್ಲಿ?”

“ಕಾರಲ್ಲ. ಸ್ಟೆಪ್ನಿ.”

ಕಂಬಳಿಕೊಪ್ಪೆ ಬಹಳ ಹೊತ್ತು ಸುಮ್ಮನಿತ್ತು. ಕಾರಿಲ್ಲದೆ ಬರೀ ಸ್ಟೆಪ್ನಿ ಹೂತದ್ದನ್ನು ನಮ್ಮೂರಿನ ಚರಿತ್ರೆಯಲ್ಲಿ ಯಾರೂ ಕಂಡಿರಲಿಲ್ಲ. ಸುದ್ದಿ ಹಬ್ಬಿ ಎಂಟು ಜನ ಸೇರಿದರು. “ಹೈಸಾ” ಎಂದಾಗ ಸ್ಟೆಪ್ನಿ ಬಂತು. ಎಂಟೂ ಜನಕ್ಕೆ ಚಾ ಕೊಡಿಸುತ್ತಾ ಭಾವ ರಾತ್ರಿಯ ಪರಾಕ್ರಮವನ್ನು ಗೂಟ, ಗಾಣ, 16 ಪಟ್ಟು ಸಮೇತ ವರ್ಣಿಸಿದ. ಎಲ್ಲರೂ ಗಂಭೀರವಾಗಿ ತಲೆದೂಗಿದರು. ನಾವು ಅಂಗಡಿ ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಒಂದು ಪಿಸುದನಿ ಕೇಳಿಸಿತು:

“ಬರೀ ಸ್ಟೆಪ್ನಿಗೇ ಎಂಟು ಜನ ಬೇಕಾಯ್ತು. ಕಾರನ್ನ ಒಬ್ಬನೇ ಎತ್ತಿದ್ನಂತೆ!”