ಉಪದೇಶ ತೊರೆದ ಅರ್ಥಧಾರಿ

ಭಟ್ಕಳದಿಂದ ಹೊನ್ನಾವರವನ್ನು ಹಾಯ್ದು ಕುಮಟೆಯವರೆಗೆ ಹಬ್ಬಿರುವ ನಮ್ಮ ಕರಾವಳಿಯಲ್ಲಿ ಉಪದೇಶಕ್ಕೆ ಎಂದೂ ಬರಗಾಲ ಬಂದುದಿಲ್ಲ. ಬಸ್ಸಿಗೆ ಕಾಯುವವನಿಗೆ ರೈಲಿನ ವೇಳೆಯನ್ನೂ, ರೈಲಿಗೆ ಕಾಯುವವನಿಗೆ ಬಸ್ಸಿನ ಸೌಕರ್ಯವನ್ನೂ, ಕೆಮ್ಮುವವನಿಗೆ ಕಷಾಯದ ಪಾಕವನ್ನೂ, ಕೆಮ್ಮದವನಿಗೆ ಮಗಳ ಮದುವೆಯ ವಿಚಾರದಲ್ಲಿ ಎಚ್ಚರಿಕೆಯನ್ನೂ ಕೇಳದೆಯೇ ದಯಪಾಲಿಸುವ ಸಜ್ಜನರು ಇಲ್ಲಿ ಹೆಜ್ಜೆಗೊಬ್ಬರಿದ್ದಾರೆ. ಇಂತಹವರ ನಡುವೆ ಈಚೆಗೆ ಒಂದು ನೂತನ ವರ್ಗವು ತಲೆದೋರಿದೆ: ನಿವೃತ್ತಿಯ ಮರುವರ್ಷವೇ ಆಪ್ತಸಮಾಲೋಚನೆಯ ಸರ್ಟಿಫಿಕೇಟ್ ಕೋರ್ಸಿಗೆ ಹಣ ಕಟ್ಟಿ, ಅಂಚೆಯಲ್ಲಿ ಬಂದ ಪಾಠಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು, ಉಪದೇಶವನ್ನು ಪ್ರತಿಜ್ಞಾಪೂರ್ವಕವಾಗಿ ತ್ಯಜಿಸಿದವರದು. ಹೊನ್ನಾವರದ ನಮ್ಮ ಮಾಸ್ತರರು ಈ ವರ್ಗದ ಅಗ್ರಗಣ್ಯರು.

ಪೂರ್ವಾಶ್ರಮದಲ್ಲಿ ಅವರು ಹಗಲು ಶಾಲೆಯ ಮಾಸ್ತರರು, ಇರುಳು ತಾಳಮದ್ದಲೆಯ ಅರ್ಥಧಾರಿಗಳು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ ಈ ಸೀಮೆಯಲ್ಲಿ ಮಾತು ಬಲ್ಲವನಿಗಿರುವ ಮರ್ಯಾದೆ ಅಡಕೆತೋಟ ಉಳ್ಳವನಿಗೂ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಆರಂಭವಾದ ಮನಶ್ಶಾಸ್ತ್ರ ವಿಭಾಗವನ್ನು ಬೆಳೆಸಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನೂ ತೆರೆದರಷ್ಟೆ. ಒಬ್ಬ ಮಹನೀಯರಲ್ಲಿ ಕೂಡಿದ್ದ ಆ ಎರಡು ವಿದ್ಯೆಗಳ ಪೈಕಿ ನಮ್ಮ ಮಾಸ್ತರರಿಗೆ ಅದುವರೆಗೆ ಒಲಿದಿದ್ದುದು ಎರಡನೆಯದು ಮಾತ್ರ. ಬಿತ್ತರಿಸುವುದುಂಟು, ಆಲಿಸುವುದಿಲ್ಲ.

ಆದರೆ ಪಾಠದ ಕಟ್ಟಿನೊಳಗೆ ಕಾರ್ಲ್ ರೋಜರ್ಸ್ ಎಂಬ ಅಮೆರಿಕೆಯ ಪಂಡಿತನು ಅವಿತು ಕುಳಿತಿದ್ದನು. ಕಷ್ಟ ಹೇಳಿಕೊಳ್ಳಬಂದವನಿಗೆ ದಾರಿ ತೋರಿಸುವುದು ನಿನ್ನ ಕೆಲಸವಲ್ಲ, ಅವನ ದಾರಿಯನ್ನು ಅವನೇ ಕಾಣುವಂತೆ ಆಲಿಸುವುದೇ ನಿನ್ನ ಕೆಲಸ ಎಂಬ ತತ್ತ್ವವನ್ನು ಆತನು 1942ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ್ದನು. (ಅದೇ ವರ್ಷ ಬೆಂಗಳೂರಿನ ವೈದ್ಯ ಎಂ. ಶಿವರಾಮರು ‘ಕೊರವಂಜಿ’ ಪತ್ರಿಕೆಯನ್ನು ಹೊರಡಿಸಿ, ನಗಿಸಿಯೇ ಜನರ ಮನಸ್ಸನ್ನು ಹಗುರಗೊಳಿಸತೊಡಗಿದರು. ನನಗಂತೂ ಆ ಚಿಕಿತ್ಸೆಯೇ ಮೆಚ್ಚು.) ಮಾಸ್ತರರು ರೋಜರ್ಸನನ್ನು ಗುರುವಾಗಿ ವರಿಸಿದರು. ಅಂದಿನಿಂದ ಅವರ ಬಾಯಲ್ಲಿ ಉತ್ತರವೆಂಬುದೇ ಇಲ್ಲವಾಗಿ, ಕೇಳಿದವರ ಮಾತೇ ಪ್ರಶ್ನೆಯ ವೇಷ ತೊಟ್ಟು ಮರಳಿ ಬರತೊಡಗಿತು.

“ಗ್ಯಾಸ್ ಖಾಲಿ ಆಯ್ದು” ಎಂದು ಅವರ ಪತ್ನಿಯು ಅಡುಗೆಮನೆಯಿಂದ ಹೇಳಿದರೆ, “ಖಾಲಿಯಾಯಿತೆಂದಾಗ ನಿನ್ನ ಮನಸ್ಸಿಗೆ ಏನನ್ನಿಸುತ್ತದೆ?” ಎಂದು ಜಗಲಿಯಿಂದ ಮೃದುವಾಗಿ ಕೇಳುವರು. “ನಿಮಗೆ ಇವತ್ತು ಊಟ ಇಲ್ಲೆ ಹೇಳಿ ಅನಿಸ್ತಾ ಇದ್ದು” ಎಂಬುದು ಆ ಸಾಧ್ವಿಯ ಉತ್ತರ. ಭಟ್ಕಳದ ಪೇಟೆಯಲ್ಲಿ ಮಲ್ಲಿಗೆ ಮಾರುವ ಹೆಂಗಸು ಮಳೆಗೆ ಮೊಗ್ಗೆಲ್ಲ ಹಾಳಾಯಿತೆಂದು ಗೊಣಗಿದಾಗ ಇವರು ಕಣ್ಣರಳಿಸಿ, ತಲೆದೂಗಿ, ಪಾಠದಲ್ಲಿ ಹೇಳಿದಂತೆ ತುಸು ಮುಂದಕ್ಕೆ ಬಾಗಿ ನಿಂತುಬಿಟ್ಟರಂತೆ. “ಬೆನ್ನು ಹಿಡ್ಕೊಂಡ್ತಾ ಮಾಸ್ತರೇ?” ಎಂದು ಆಕೆ ಗಾಬರಿಗೊಂಡಳು.

ಇವೆಲ್ಲ ಸಹ್ಯ. ಆದರೆ ಕಳೆದ ಮಳೆಗಾಲದಲ್ಲಿ ಕುಮಟೆಯ ಬಳಿ ಏರ್ಪಟ್ಟ ತಾಳಮದ್ದಲೆಯಲ್ಲಿ ನಡೆದುದು ಕೇವಲ ಅಪೂರ್ವವಾದುದು. ಪ್ರಸಂಗ ಕೃಷ್ಣಸಂಧಾನ, ಮಾಸ್ತರರದು ಕೃಷ್ಣ, ಕೌರವನಾಗಿ ವಾದದಲ್ಲಿ ಹುಲಿಯೆನಿಸಿದ ಒಬ್ಬ ವಕೀಲರು. ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದು ವಕೀಲರು ಗರ್ಜಿಸಿ, ಕೃಷ್ಣನ ತರ್ಕವನ್ನು ತುಂಡರಿಸಲು ಸನ್ನದ್ಧರಾಗಿ ಕುಳಿತರು. ಮಾಸ್ತರರು ಮೆಲ್ಲನೆ, “ಕೌರವಾ, ಕೊಡೆನೆಂಬ ನಿನ್ನ ಮಾತಿನ ಹಿಂದೆ ಬಹಳ ನೋವಿರುವಂತಿದೆ. ಹೇಳು, ಕೇಳುತ್ತಿರುವೆನು” ಎಂದು ಸುಮ್ಮನಾದರು. ಖಂಡಿಸಲು ಏನೂ ದೊರೆಯದೆ ವಕೀಲರು ಕ್ಷಣಕಾಲ ಭಾಗವತರ ಮುಖವನ್ನು ನೋಡಿದರು. ಅನಂತರ, ತಂದೆಗೆ ಕಣ್ಣಿಲ್ಲ, ತಾಯಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವಳು, ಬಾಲ್ಯದಲ್ಲಿ ತನ್ನ ಮುಖವನ್ನು ಹೆತ್ತವರಿಬ್ಬರೂ ನೋಡಲಿಲ್ಲವೆಂದು ಆರಂಭಿಸಿ, ಗಂಟೆಯ ಮೇಲೆ ಗಂಟೆ ಕಳೆದರೂ ನಿಲ್ಲಿಸಲಿಲ್ಲ. ನಡುವೆ ಒಮ್ಮೆ, ತಂದೆಯ ತೋಟದ ಪಾಲಿನಲ್ಲಿ ಅಣ್ಣನಿಂದಾದ ಅನ್ಯಾಯದ ಮಾತೂ ಬಂದಿತು. ಕೌರವನಿಗೆ ಅಣ್ಣನೆಲ್ಲಿಂದ ಬಂದನೆಂದು ಯಾರೂ ಕೇಳಲಿಲ್ಲ, ಮುಂದಿನ ಸಾಲಿನ ಮುದುಕರು ಕಣ್ಣೊರೆಸಿಕೊಳ್ಳುತ್ತಿದ್ದರು. ಕೊನೆಗೆ ಕೌರವನು ನಿಟ್ಟುಸಿರಿಟ್ಟು, “ಐದು ಗ್ರಾಮವಷ್ಟೇ ಅಲ್ಲವೇ, ತೆಗೆದುಕೊಳ್ಳಲಿ” ಎಂದುಬಿಟ್ಟನು.

ಮರುವಾರದ ಕರ್ಣಪರ್ವಕ್ಕೆ ಕರಪತ್ರ ಹಂಚಿಯಾಗಿತ್ತು. ಭಾಗವತರು ಅಪಾಯವನ್ನರಿತು ಏರುದನಿಯಲ್ಲಿ ಮುಂದಿನ ಪದವನ್ನೆತ್ತಿ, ಮದ್ದಲೆಯ ಬಲದಿಂದ ಭಾರತಯುದ್ಧವನ್ನು ಹೇಗೋ ಉಳಿಸಿದರು.

ಮಾಸ್ತರರಿಗೆ ಮಾತ್ರ ನಷ್ಟವಿಲ್ಲ. ಪರೀಕ್ಷೆಗೆ ಒಪ್ಪಿಸಬೇಕಾದ ದಾಖಲೆಪುಸ್ತಕದಲ್ಲಿ ಅವರು ಮರುದಿನವೇ ಬರೆದರು: “ಆಪ್ತಸಲಹೆ ಪಡೆದವರು: ಹಸ್ತಿನಾವತಿಯ ಪ್ರತಿಷ್ಠಿತ ಮನೆತನದ ಹಿರಿಯ ಮಗ. ತಮ್ಮಂದಿರು: ತೊಂಬತ್ತೊಂಬತ್ತು. ಸಮಸ್ಯೆ: ದಾಯಾದಿ ಆಸ್ತಿ. ಗೌಪ್ಯದ ನಿಯಮಾನುಸಾರ ಹೆಸರನ್ನು ತಿಳಿಸಿಲ್ಲ.”